ಹತ್ತಕ್ಕೆ ಕರೆಂಟು ಹೋಗುತ್ತದೆ, ಎಂಟೂವರೆಗೇ ವ್ಯಾಕ್ಯೂಮ್ ಪಂಪು ನಿಲ್ಲಿಸುವುದು ಹೇಗೆ?

‘66/11 ಕೆವಿ ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ ಇರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಎಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಕಂಡರೆ ಮನೆಯವರು ಟ್ಯಾಂಕಿಗೆ ನೀರು ಏರಿಸಿಕೊಳ್ಳುತ್ತಾರೆ, ಮಿಕ್ಸಿ ಕೆಲಸ ಮುಗಿಸಿಕೊಳ್ಳುತ್ತಾರೆ. ಕಾಲೇಜು, ವಿಶ್ವವಿದ್ಯಾಲಯಗಳ ಪ್ರಯೋಗಾಲಯದಲ್ಲಿ ವ್ಯಾಕ್ಯೂಮ್ (ಒಳಗಿನ ಗಾಳಿ ತೆಗೆದು ಕೆಲಸ ಮಾಡುವ) ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಅಷ್ಟು ಸುಲಭವಿಲ್ಲ. ಅವರ ಕೆಲಸ ಹಿಂದಿನ ದಿನವೇ ಶುರುವಾಗಬೇಕು.

ಯಾಕೆ ಎಂದು ಮೊದಲು ಹೇಳುತ್ತೇನೆ. ಬೆಂಗಳೂರಿನಲ್ಲಿ, 12 ಇಂಚಿನ ಬೆಲ್ ಜಾರಿನ (ಗಂಟೆಯಾಕಾರದ ಗಾಜಿನ ಪಾತ್ರೆಯ) ಒಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿ ಅದನ್ನು ಸುಮಾರು 650 ಕಿಲೋ ಭಾರದಷ್ಟು ಬಲದಿಂದ ತಳದ ತಟ್ಟೆಗೆ ಒತ್ತಿ ಹಿಡಿದಿರುತ್ತದೆ. ಆ ಗಾಳಿಗೆ ಒಳಗೆ ಹೋಗಲು ಒಂದು ದಾರಿ ಬೇಕು, ಅಷ್ಟೇ. ಪಂಪು ಓಡುತ್ತಿರುವವರೆಗೆ ದಾರಿ ಇಲ್ಲ. ಪಂಪು ನಿಂತ ಕ್ಷಣ ಅದು ಸಿಕ್ಕ ಸಂದಿಯಿಂದ ನುಗ್ಗುತ್ತದೆ, ಬಹಳ ಸಲ ಆ ಸಂದಿ ಪಂಪಿನ ಒಳಗೇ ಇರುತ್ತದೆ. ಗಾಳಿ ಬಂದೇ ಬರುತ್ತದೆ. ಅದು ಯಾವ ಬಾಗಿಲಿನಿಂದ, ಯಾವಾಗ ಬರಬೇಕೆಂದು ನಾವು ತೀರ್ಮಾನಿಸುತ್ತೇವೋ ಇಲ್ಲವೋ ಎನ್ನುವುದೇ ಪ್ರಶ್ನೆ. ಇದ್ದಕ್ಕಿದ್ದಂತೆ ಹೋಗುವ ಕರೆಂಟು ಆ ಅವಕಾಶ ಕೊಡುವುದಿಲ್ಲ. ಹೇಳಿ ಹೋಗುವ ಕರೆಂಟು ಕೊಡುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಶನಿವಾರ ಮಧ್ಯಾಹ್ನ ಕರೆಂಟು ತೆಗೆಯುತ್ತಾರೆಂದು ಗೊತ್ತಿದ್ದೂ ರೋಟರಿ ಪಂಪಿನ (ಎಣ್ಣೆಯಲ್ಲಿ ತಿರುಗುತ್ತಾ ಗಾಳಿಯನ್ನು ಹೊರಹಾಕುವ ಪಂಪು) ವಾಲ್ವನ್ನು ತೆರೆದೇ ಬಿಟ್ಟು ಊಟಕ್ಕೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ತಳದ ತಟ್ಟೆಯ ಮೇಲೆ ಜೇನಿನ ಬಣ್ಣದ ತೆಳುವಾದ ಪದರ, ತಟ್ಟೆಯ ನಡುವಿನ ತೂತಿನ ಸುತ್ತ ಹನಿಹನಿಯಾಗಿ ನಿಂತ ಎಣ್ಣೆ. ನಿಂತ ಪಂಪಿನ ಒಳಗಿನ ಎಣ್ಣೆಯನ್ನು ಹೊರಗಿನ ಗಾಳಿ ಪೈಪಿನಗುಂಟ ಮೇಲಕ್ಕೆ ತಳ್ಳಿತ್ತು. ಅಸಿಟೋನ್, ಬಟ್ಟೆ ಹಿಡಿದು ಕೂತವನಿಗೆ ಅದನ್ನು ತೊಳೆಯಲು ಮೂರು ವಾರ ಹಿಡಿಯಿತು. ಒಬ್ಬ ವಿದ್ಯಾರ್ಥಿನಿಯ ಒಂದು ತಿಂಗಳ ಕೆಲಸ ನಿಂತುಹೋಯಿತು. ಇದನ್ನು ಬರೆಯಲು ಕೂತದ್ದು ಆ ಹುಡುಗಿಯ ಮುಖ ಇನ್ನೂ ಕಣ್ಣ ಮುಂದೆ ಇರುವುದರಿಂದ.

ಹಿಂದಿನ ದಿನ ಸಂಜೆ

ಮೊದಲು ಒಂದು ಸುತ್ತು ಹಾಕಿ. ನಿಮ್ಮ ಲ್ಯಾಬಿನಲ್ಲಿ ಯಾವ ಯಾವ ಯಂತ್ರ ವ್ಯಾಕ್ಯೂಮಿನಲ್ಲಿದೆ, ಯಾವುದು ಬಿಸಿಯಾಗಿದೆ, ಯಾವುದಕ್ಕೆ ತಣ್ಣೀರು ಹರಿಯುತ್ತಿದೆ, ಯಾವುದರ ವಾಲ್ವು ಕಂಪ್ರೆಸರ್ ಗಾಳಿಯಿಂದ ನಡೆಯುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಕರೆಂಟು ಹೋದರೆ ಕಂಪ್ರೆಸರೂ ನಿಲ್ಲುತ್ತದೆ, ಗಾಳಿಯ ಒತ್ತಡ ಇಳಿಯುತ್ತದೆ. ಆಗ ಕೆಲವು ವಾಲ್ವುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ. ನಿಮ್ಮದು ಯಾವ ಜಾತಿಯದೆಂದು ಯಂತ್ರದ ಪುಸ್ತಕ ತೆರೆದು ನೋಡಿ.

‘ಜನರೇಟರ್ ಇದೆಯಲ್ಲ’ ಎಂಬ ಮಾತು ಕೇಳಿಬರುತ್ತದೆ. ಜನರೇಟರ್ ಓಡಿ ಲೈನಿಗೆ ಬರುವವರೆಗೆ ಕೆಲವು ಸೆಕೆಂಡುಗಳ ಕತ್ತಲೆ ಇದ್ದೇ ಇರುತ್ತದೆ. ಅಷ್ಟರಲ್ಲಿ ಪಂಪಿನ ಸ್ಟಾರ್ಟರು ಬಿಟ್ಟುಹೋಗಿರುತ್ತದೆ, ಮತ್ತೆ ಯಾರಾದರೂ ಹಸಿರು ಬಟನ್ ಒತ್ತುವವರೆಗೆ ಪಂಪು ಓಡುವುದಿಲ್ಲ. ಎಷ್ಟೋ ಕಟ್ಟಡಗಳಲ್ಲಿ ಜನರೇಟರ್ ಲೈನು ದೀಪಕ್ಕೆ, ಲಿಫ್ಟಿಗೆ ಮಾತ್ರ, ಚಿಲ್ಲರಿಗೆ (ಪಂಪುಗಳಿಗೆ ತಣ್ಣೀರು ಕೊಡುವ ಯಂತ್ರ) ಇರುವುದಿಲ್ಲ. ನೀರಿಲ್ಲದೆ ಹೀಟರ್ ಓಡುವುದಕ್ಕಿಂತ ಎಲ್ಲವೂ ಒಟ್ಟಿಗೆ ನಿಲ್ಲುವುದೇ ಲೇಸು. ಯುಪಿಎಸ್ ಮೇಲೆ ರೋಟರಿ ಪಂಪು ಹಾಕುವ ಯೋಚನೆಯನ್ನೂ ಬಿಡಿ: ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು, ಸಣ್ಣ ಯುಪಿಎಸ್ ಅದಕ್ಕೇ ಟ್ರಿಪ್ ಆಗುತ್ತದೆ.

ಚೇಂಬರಿನ (ಗಾಳಿ ತೆಗೆದ ಪಾತ್ರೆಯ) ಒಳಗೆ ಏನನ್ನಾದರೂ ಬಿಸಿ ಮಾಡುತ್ತಿದ್ದರೆ ಸಂಜೆಯೇ ನಿಲ್ಲಿಸಿ. 300 ಡಿಗ್ರಿಯಲ್ಲಿರುವ ಸ್ಯಾಂಪಲ್ ವ್ಯಾಕ್ಯೂಮಿನಲ್ಲಿ ನಿಧಾನವಾಗಿ ಆರುತ್ತದೆ, ಶಾಖ ಹೊತ್ತೊಯ್ಯಲು ಒಳಗೆ ಗಾಳಿಯೇ ಇಲ್ಲವಲ್ಲ. ಡಿಫ್ಯೂಷನ್ ಪಂಪಿನ (ಇದರ ವಿವರ ಮುಂದಿದೆ) ಮೇಲೆ ಲಿಕ್ವಿಡ್ ನೈಟ್ರೋಜನ್ ಟ್ರ್ಯಾಪ್ (ಆವಿಯನ್ನು ಹೆಪ್ಪುಗಟ್ಟಿಸಿ ಹಿಡಿಯುವ ತಣ್ಣನೆಯ ಬಲೆ) ಇದ್ದರೆ ಸಂಜೆಯಿಂದಲೇ ತುಂಬುವುದನ್ನು ನಿಲ್ಲಿಸಿ, ಹೈವ್ಯಾಕ್ ವಾಲ್ವು (ಚೇಂಬರಿಗೂ ಪಂಪಿಗೂ ನಡುವಿನದು) ಮುಚ್ಚಿ, ಕೆಳಗಿನ ಪಂಪು ಓಡುತ್ತಿರಲಿ. ರಾತ್ರಿ ಟ್ರ್ಯಾಪ್ ಬಿಸಿಯೇರುತ್ತಾ ತಾನು ಹಿಡಿದಿಟ್ಟ ನೀರಾವಿಯನ್ನು ಬಿಡುತ್ತದೆ, ಪಂಪು ಅದನ್ನು ಹೊರಗೆ ಹಾಕುತ್ತದೆ.

ಫ್ರೀಜ್ ಡ್ರೈಯರಿನಲ್ಲಿ (ಹೆಪ್ಪುಗಟ್ಟಿಸಿ ವ್ಯಾಕ್ಯೂಮಿನಲ್ಲಿ ಒಣಗಿಸುವ ಯಂತ್ರ) ಯಾರದ್ದಾದರೂ ಸ್ಯಾಂಪಲ್ ಇದೆಯೇ ಎಂದು ಕೇಳಿ. ಅರ್ಧ ಒಣಗಿದ ಸ್ಯಾಂಪಲ್ ಕರಗಿ ನೊರೆಯಾದರೆ ಮತ್ತೆ ಸರಿಯಾಗುವುದಿಲ್ಲ.

ಡಿಫ್ಯೂಷನ್ ಪಂಪು: ಒಂದೂವರೆ ಗಂಟೆ ಮೊದಲೇ

ನಮ್ಮ ಎಂಎಸ್ಸಿ ಲ್ಯಾಬುಗಳ ಹಳೆಯ ಕೋಟಿಂಗ್ ಯೂನಿಟ್ಟುಗಳಲ್ಲಿ ಇಂದಿಗೂ ಇರುವುದು ಇದೇ. ವೋಲ್ಫ್‌ಗಾಂಗ್ ಗೇಡೆ 1915ರಲ್ಲಿ ಪ್ರಕಟಿಸಿದ, ಮರುವರ್ಷ ಇರ್ವಿಂಗ್ ಲ್ಯಾಂಗ್ಮ್ಯೂರ್ ಸುಧಾರಿಸಿದ ಉಪಾಯ. ಒಳಗೆ ತಿರುಗುವ ಭಾಗವೇ ಇಲ್ಲ. ತಳದಲ್ಲಿ ಕುದಿಯುವ ಎಣ್ಣೆ, ಮೇಲಿನಿಂದ ಕೆಳಕ್ಕೆ ಚಿಮ್ಮುವ ಆವಿ, ಹೊರಮೈಗೆ ಸುತ್ತಿದ ತಣ್ಣೀರಿನ ಕೊಳವೆ. ಎಣ್ಣೆ 200 ಡಿಗ್ರಿ ದಾಟಿ ಕಾದಿರುವಾಗ ಅದಕ್ಕೆ ಗಾಳಿ ತಾಗಿದರೆ ಎಣ್ಣೆ ಕೆಡುತ್ತದೆ, ಆವಿ ಚೇಂಬರಿನತ್ತ ಹಿಮ್ಮುಖವಾಗಿ ಹರಿಯುತ್ತದೆ. ಸಿಲಿಕೋನ್ ಎಣ್ಣೆ ಸ್ವಲ್ಪ ತಾಳಿಕೊಳ್ಳುತ್ತದೆ. ಹೈಡ್ರೋಕಾರ್ಬನ್ ಎಣ್ಣೆ ತಾಳುವುದಿಲ್ಲ, ಕಪ್ಪಾಗಿ ಅಂಟಿಕೊಳ್ಳುತ್ತದೆ.

ಆದ್ದರಿಂದ ಕ್ರಮ ಹೀಗೆ. ಬೆಳಿಗ್ಗೆ ಎಂಟೂವರೆಗೆ ಪೆನ್ನಿಂಗ್ ಗೇಜು (ಅತಿ ಕಡಿಮೆ ಒತ್ತಡ ಅಳೆಯುವ ಮಾಪಕ) ಆಫ್ ಮಾಡಿ, ಹೈವ್ಯಾಕ್ ವಾಲ್ವು ಮುಚ್ಚಿರುವುದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಹೀಟರ್ ಆಫ್ ಮಾಡಿ. ರೋಟರಿ ಪಂಪನ್ನೂ ನೀರನ್ನೂ ನಿಲ್ಲಿಸಬೇಡಿ, ಬ್ಯಾಕಿಂಗ್ ವಾಲ್ವು (ಡಿಫ್ಯೂಷನ್, ರೋಟರಿ ಪಂಪುಗಳ ನಡುವಿನದು) ತೆರೆದೇ ಇರಲಿ. ಹೀಟರ್ ಆರಿತಲ್ಲ ಎಂದು ಎಲ್ಲವನ್ನೂ ಒಂದೇ ಸಲಕ್ಕೆ ನಿಲ್ಲಿಸಿಬಿಡುವ ಅವಸರ ಎಲ್ಲರಿಗೂ ಬರುತ್ತದೆ. ಪಂಪಿನ ತಳ 50 ಡಿಗ್ರಿ ಆಸುಪಾಸಿಗೆ ಇಳಿಯಲು ಸಣ್ಣ ಪಂಪಿಗೇ ಅರ್ಧ ಮುಕ್ಕಾಲು ಗಂಟೆ ಬೇಕು, ದೊಡ್ಡದಕ್ಕೆ ಇನ್ನೂ ಹೆಚ್ಚು. ಅಂಗೈಯನ್ನು ತಳದ ಹತ್ತಿರ ಹಿಡಿದು ಅಂದಾಜು ಮಾಡುವ ಹಳಬರಿದ್ದಾರೆ. ನೀವು ಥರ್ಮಾಮೀಟರ್ ಇಡಿ.

ತಣ್ಣಗಾದ ಮೇಲೆ ಬ್ಯಾಕಿಂಗ್ ವಾಲ್ವು ಮುಚ್ಚಿ, ರೋಟರಿ ಪಂಪು ನಿಲ್ಲಿಸಿ, ಕೂಡಲೇ ಅದರ ಬಾಯಿಯ ಬಳಿ ಇರುವ ಏರ್ ಅಡ್ಮಿಟ್ ವಾಲ್ವು ತೆರೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ಹೋಗುವ ಸದ್ದು ಕಿವಿಗೆ ಬೀಳಬೇಕು. ಎಣ್ಣೆ ಮೇಲೆ ಹತ್ತದಂತೆ ತಡೆಯುವುದು ಈ ಒಂದು ಸದ್ದು. ಹೊಸ ಪಂಪುಗಳಲ್ಲಿ ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ಇರುತ್ತದೆ, ಆದರೆ ವರ್ಷಗಟ್ಟಲೆ ಓಡಿದ ಪಂಪಿನ ವಾಲ್ವನ್ನು ನಾನು ನಂಬುವುದಿಲ್ಲ. ಕೊನೆಗೆ ನೀರು ನಿಲ್ಲಿಸಿ. ಚೇಂಬರನ್ನು ಹಾಗೇ ವ್ಯಾಕ್ಯೂಮಿನಲ್ಲಿ ಮುಚ್ಚಿಡಿ. ಒಳಗೆ ತೇವ ಸೇರದೆ ಸ್ವಚ್ಛವಾಗಿರುತ್ತದೆ.

ಟರ್ಬೊ ಪಂಪು ಇದ್ದರೆ

ಸಣ್ಣ ಟರ್ಬೊವಿನ ರೆಕ್ಕೆಗಳು ನಿಮಿಷಕ್ಕೆ 90,000 ಸುತ್ತಿನವರೆಗೆ ತಿರುಗುತ್ತವೆ. ಚೇಂಬರಿನ ಗೇಟ್ ವಾಲ್ವು ಮುಚ್ಚಿ, ಸ್ಟಾಪ್ ಒತ್ತಿ, ವೇಗ ಅರ್ಧಕ್ಕೆ ಇಳಿಯುವವರೆಗೆ ಕಾಯಿರಿ. ಆಮೇಲೆ ಮೇಲಿನ ವೆಂಟ್‌ನಿಂದ ಒಣ ನೈಟ್ರೋಜನ್ ನಿಧಾನವಾಗಿ ಬಿಡಿ. ವೆಂಟ್ ಮಾಡದೆ ಬಿಟ್ಟರೆ ಕೆಳಗಿನ ರೋಟರಿಯ ಎಣ್ಣೆಯಾವಿ ನಿಧಾನವಾಗಿ ಟರ್ಬೊ ದಾಟಿ ಮೇಲೆ ಬರುತ್ತದೆ. ಪೂರ್ತಿ ವೇಗದಲ್ಲಿರುವಾಗಲೇ ಗಾಳಿ ನುಗ್ಗಿಸಿದರೆ ಬೇರಿಂಗಿಗೂ ರೆಕ್ಕೆಗಳಿಗೂ ಪೆಟ್ಟು. ಸಿಲಿಂಡರಿನ ರೆಗ್ಯುಲೇಟರನ್ನು ಬಹಳ ಕಡಿಮೆ ಒತ್ತಡಕ್ಕೆ ಇಟ್ಟುಕೊಳ್ಳಿ. ಚೇಂಬರಿಗೂ ನೈಟ್ರೋಜನ್ ಬಿಡುವುದಿದ್ದರೆ ನೆನಪಿರಲಿ, ಅದರ ಗಾಜಿನ ಕಿಟಕಿ ಹೊರಗಿನ ಒತ್ತಡಕ್ಕೆ ಮಾಡಿದ್ದು, ಒಳಗಿನಿಂದ ತಳ್ಳುವ ಒತ್ತಡಕ್ಕಲ್ಲ.

ಮಂಗಳೂರಿನಿಂದ ಬಂದವರೊಬ್ಬರು ಗೇಜು ನೋಡಿ ‘ಇನ್ನೂ ಪೂರ್ತಿ ಗಾಳಿ ತುಂಬಿಲ್ಲ’ ಎಂದು ನೈಟ್ರೋಜನ್ ಬಿಡುತ್ತಲೇ ಇದ್ದರು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಹೊರಗಾಳಿಯೇ ಸುಮಾರು 910 ಮಿಲಿಬಾರ್. ಗೇಜಿನ ಮುಳ್ಳು 1013ಕ್ಕೆ ಬರಲೆಂದು ಕಾಯುತ್ತಾ ಕೂತರೆ ಬಾಗಿಲಿನ ಕ್ಲಾಂಪು ಸಿಡಿದೀತು.

ಅಯಾನ್ ಪಂಪಿನ (ಹೈವೋಲ್ಟೇಜಿನಿಂದ ಅನಿಲವನ್ನು ಅಯಾನಾಗಿಸಿ ಹಿಡಿದಿಡುವ ಪಂಪು) ಯಂತ್ರಗಳಿಗೆ ಹೆಚ್ಚು ಹೇಳುವುದಿಲ್ಲ. ಗೇಟ್ ವಾಲ್ವು ಮುಚ್ಚಿ ಹೈವೋಲ್ಟೇಜ್ ಆಫ್ ಮಾಡಿದರೆ ಲೋಹದ ಸೀಲು ಇರುವ ಚೇಂಬರು ಏಳೆಂಟು ಗಂಟೆ ತಾಳಿಕೊಳ್ಳುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಮಾತ್ರ ಕಂಪನಿಯ ಇಂಜಿನಿಯರ್ ಬರೆದುಕೊಟ್ಟ ಕ್ರಮದಲ್ಲೇ ನಿಲ್ಲಿಸಿ.

ಪ್ರಾಣದ ವಿಷಯ: ಲಿಕ್ವಿಡ್ ನೈಟ್ರೋಜನ್ ಟ್ರ್ಯಾಪು

ಕೆಮಿಸ್ಟ್ರಿ ಲ್ಯಾಬಿನ ಗಾಜಿನ ವ್ಯಾಕ್ಯೂಮ್ ಲೈನಿನ ಬಗ್ಗೆ ನಿಧಾನವಾಗಿ ಓದಿ. ಇಲ್ಲಿ ಹಾಳಾಗುವುದು ಪಂಪಲ್ಲ, ಮನುಷ್ಯ.

ಲಿಕ್ವಿಡ್ ನೈಟ್ರೋಜನ್ ಮೈನಸ್ 196 ಡಿಗ್ರಿ. ಆಮ್ಲಜನಕ ಮೈನಸ್ 183 ಡಿಗ್ರಿಗೇ ದ್ರವವಾಗುತ್ತದೆ. ಎಂದರೆ, ಟ್ರ್ಯಾಪು ಥರ್ಮಾಸಿನಲ್ಲಿ ಮುಳುಗಿರುವಾಗಲೇ ಪಂಪು ನಿಂತು ಲೈನಿಗೆ ಗಾಳಿ ಸೇರಿದರೆ ಅದರಲ್ಲಿನ ಆಮ್ಲಜನಕ ಒಳಗೆ ದ್ರವವಾಗಿ ನಿಲ್ಲುತ್ತದೆ. ಅದೇ ಟ್ರ್ಯಾಪಿನಲ್ಲಿ ಮೊದಲೇ ಈಥರ್, ಹೆಕ್ಸೇನ್ ಕೂತಿರುತ್ತವೆ. ಎರಡೂ ಸೇರಿದರೆ ಸ್ಫೋಟಕ. ಬಾಯಿ ಮುಚ್ಚಿದ ಟ್ರ್ಯಾಪು ಬಿಸಿಯೇರಿದರೂ ಅಷ್ಟೇ ಅಪಾಯ. ದ್ರವ ಅನಿಲವಾಗುವಾಗ ನೂರಾರು ಪಟ್ಟು ಹಿಗ್ಗುತ್ತದೆ, ಗಾಜು ತಡೆಯುವುದಿಲ್ಲ.

ಕರೆಂಟು ಹೋಗುವ ದಿನ ಈ ಟ್ರ್ಯಾಪನ್ನು ತುಂಬಲೇ ಬೇಡಿ. ರಾತ್ರಿಯಿಂದ ಓಡುತ್ತಿದ್ದರೆ, ಮುಖಕ್ಕೆ ಶೀಲ್ಡ್ ಹಾಕಿ, ಆವಿಯನ್ನು ಹೊರಗೆಳೆಯುವ ಕಪಾಟಾದ ಫ್ಯೂಮ್ ಹುಡ್‌ನ ಗಾಜು ಇಳಿಸಿಕೊಂಡು, ಪ್ರಯೋಗದ ಫ್ಲಾಸ್ಕುಗಳ ತಿರುಪು ಮುಚ್ಚಿ. ಪಂಪು ನಿಲ್ಲಿಸಿದ ಮೇಲೆ ಲೈನಿಗೆ ಗಾಳಿ ಬಿಡುವುದು, ಥರ್ಮಾಸ್ ಇಳಿಸುವುದು ಒಂದರ ಬೆನ್ನಿಗೇ ಇನ್ನೊಂದು ಆಗಬೇಕು, ನಡುವೆ ಫೋನು ಎತ್ತಬಾರದು. ಟ್ರ್ಯಾಪನ್ನು ಬಾಯಿ ತೆರೆದ ಸ್ಥಿತಿಯಲ್ಲಿ ಹುಡ್ ಒಳಗೇ ಆರಲು ಬಿಡಿ. ಆದರೆ ಕರೆಂಟು ಹೋದರೆ ಹುಡ್‌ನ ಫ್ಯಾನೂ ನಿಲ್ಲುತ್ತದೆ, ನೆನಪಿರಲಿ. ಇದೆಲ್ಲ ಹತ್ತು ಗಂಟೆಗೆ ಮೊದಲು, ಫ್ಯಾನ್ ಓಡುತ್ತಿರುವಾಗಲೇ ಮುಗಿಯಬೇಕು.

ಟ್ರ್ಯಾಪಿನೊಳಗೆ ತಿಳಿನೀಲಿ ದ್ರವ ಕಂಡರೆ ಅದು ದ್ರವ ಆಮ್ಲಜನಕ. ಥರ್ಮಾಸ್ ಕೀಳಬೇಡಿ, ಏನನ್ನೂ ಮುಟ್ಟಬೇಡಿ. ಹುಡ್‌ನ ಗಾಜು ಪೂರ್ತಿ ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಸುರಕ್ಷತೆಯ ಹೊಣೆ ಹೊತ್ತವರಿಗೆ ತಿಳಿಸಿ.

ಹತ್ತಕ್ಕೆ ಐದು ನಿಮಿಷ ಇರುವಾಗ

ಪ್ರತಿ ಯಂತ್ರದ ಸ್ವಿಚ್ಚು, ಎಂಸಿಬಿ ಎರಡನ್ನೂ ಕೆಳಗೆ ಮಾಡಿ. ಬರೀ ಟಾಗಲ್ ಸ್ವಿಚ್ಚಿನಲ್ಲಿ ಓಡುವ ಹಳೆಯ ಪಂಪುಗಳು ಕರೆಂಟು ಬಂದ ಕೂಡಲೇ ಯಾರನ್ನೂ ಕೇಳದೆ ತಾವೇ ಹೊರಡುತ್ತವೆ. ಡಿಫ್ಯೂಷನ್ ಪಂಪಿನ ಹೀಟರೂ ಹಾಗೆಯೇ, ನೀರಿಲ್ಲದಿದ್ದರೂ ಕಾಯತೊಡಗುತ್ತದೆ. ರಟ್ಟಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ‘ನನ್ನನ್ನು ಕೇಳದೆ ಹಾಕಬೇಡಿ’ ಎಂದು ಬರೆದು, ಹೆಸರು, ಫೋನ್ ನಂಬರ್ ಸೇರಿಸಿ ಸ್ವಿಚ್ಚಿಗೆ ದಾರ ಕಟ್ಟಿ ನೇತುಹಾಕಿ. ಸೆಕ್ಯುರಿಟಿಯವರು, ಕಸ ಗುಡಿಸುವವರು ಒಳ್ಳೆಯ ಮನಸ್ಸಿನಿಂದಲೇ ಸ್ವಿಚ್ಚು ಹಾಕಿಕೊಟ್ಟ ಉದಾಹರಣೆಗಳಿವೆ. ಮುಚ್ಚಿಟ್ಟ ಚೇಂಬರಿನ ಒತ್ತಡವನ್ನು ಲಾಗ್ ಪುಸ್ತಕದಲ್ಲಿ ಸಮಯದೊಂದಿಗೆ ಬರೆದಿಡಿ. ಸಂಜೆ ಎಷ್ಟು ಏರಿದೆ ಎಂದು ನೋಡಿದರೆ ಲೀಕ್ ಇದೆಯೇ ಎಂಬುದೂ ಪುಕ್ಕಟೆಯಾಗಿ ತಿಳಿಯುತ್ತದೆ.

ಕರೆಂಟು ಬಂದ ಮೇಲೆ

ಬಂದ ಕೂಡಲೇ ಓಡಬೇಡಿ. ಮೊದಲ ಹದಿನೈದು ಇಪ್ಪತ್ತು ನಿಮಿಷ ವೋಲ್ಟೇಜು ಏರಿಳಿಯುವುದುಂಟು, ಒಮ್ಮೆ ಬಂದು ಮತ್ತೆ ಹೋಗುವುದೂ ಉಂಟು. ದೀಪ, ಫ್ಯಾನು ನೋಡಿಕೊಂಡು ಕಾಯಿರಿ.

ತ್ರೀ ಫೇಸ್ ಪಂಪು ಇರುವವರಿಗೆ ಒಂದು ಮಾತು. ಟ್ರಾನ್ಸ್‌ಫಾರ್ಮರ್ ಅಥವಾ ಕೇಬಲ್ ಕೆಲಸ ಆದ ಮೇಲೆ ಎರಡು ಫೇಸ್ ಅದಲುಬದಲಾಗಿ ಸೇರಿರುವ ಸಾಧ್ಯತೆ ಇದೆ. ದೀಪಗಳಿಗೆ ಅದು ಗೊತ್ತೇ ಆಗುವುದಿಲ್ಲ, ಮೋಟಾರು ಮಾತ್ರ ಹಿಂದುಮುಂದಾಗಿ ತಿರುಗುತ್ತದೆ. ಹಿಮ್ಮುಖ ತಿರುಗಿದ ರೋಟರಿ ಪಂಪು ಹೊರಗಿನ ಗಾಳಿಯನ್ನೂ ಎಣ್ಣೆಯನ್ನೂ ಲೈನಿನೊಳಗೆ ದಬ್ಬುತ್ತದೆ. ಒಮ್ಮೆ ನಮ್ಮಲ್ಲಿ ಹಾಗೇ ಆಯಿತು. ‘ಸರ್, ಪಂಪಿನ ಸದ್ದು ಬೇರೆ ಥರ ಇದೆ’ ಎಂದು ಅಟೆಂಡರ್ ಕೂಗಿದ್ದರಿಂದ ಬಚಾವಾದೆವು. ಪಂಪಿನ ಬಾಯಿಯನ್ನು ಲೈನಿನಿಂದ ಬೇರ್ಪಡಿಸಿ, ಗಾಳಿಗೆ ತೆರೆದಿಟ್ಟು, ಒಂದು ಸೆಕೆಂಡು ಮಾತ್ರ ಸ್ಟಾರ್ಟ್ ಒತ್ತಿ ಬಿಡಿ. ಮೋಟಾರಿನ ಫ್ಯಾನ್ ಮೈಮೇಲಿನ ಬಾಣದ ಗುರುತಿನ ಕಡೆಗೆ ತಿರುಗಿತೇ ನೋಡಿ. ಉಲ್ಟಾ ಆದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಫೇಸ್ ಅದಲುಬದಲಾದರೆ ಮೋಟಾರನ್ನು ಹೊರಡಲು ಬಿಡದ ರಿಲೇ ಹಾಕಿಸಿಕೊಂಡರೆ ಈ ಭಯವೇ ಇಲ್ಲ. ಅದರ ಬೆಲೆ ಒಂದು ಎಣ್ಣೆ ಬದಲಾವಣೆಯ ಖರ್ಚಿನ ಎದುರು ದೊಡ್ಡದಲ್ಲ.

ದಿಕ್ಕು ಸರಿಯಿದ್ದರೆ ಏರ್ ಅಡ್ಮಿಟ್ ವಾಲ್ವು ಮುಚ್ಚಿ, ರೋಟರಿಯನ್ನು ಗ್ಯಾಸ್ ಬ್ಯಾಲಾಸ್ಟ್ (ಪಂಪಿನೊಳಗೆ ಸ್ವಲ್ಪ ಗಾಳಿ ಬಿಡುವ ವಾಲ್ವು) ತೆರೆದು ಅರ್ಧ ಗಂಟೆ ಓಡಿಸಿ. ಎಣ್ಣೆ ಕಾದು ತೇವ ಹೊರಗೆ ಹೋಗುತ್ತದೆ. ಕಿಂಡಿಯಲ್ಲಿ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಬದಲಾಯಿಸಿ. ಬ್ಯಾಲಾಸ್ಟ್ ಮುಚ್ಚಿ ಬ್ಯಾಕಿಂಗ್ ವಾಲ್ವು ತೆರೆಯಿರಿ. ಆಮೇಲೆ ನೀರು ಹರಿಸಿ, ಹೊರಬರುವ ಕೊಳವೆಯಲ್ಲಿ ನೀರು ಬೀಳುವುದನ್ನು ಕಣ್ಣಾರೆ ಕಂಡು, ಪಿರಾನಿ ಗೇಜು (ಬ್ಯಾಕಿಂಗ್ ಲೈನಿನ ಒತ್ತಡದ ಮಾಪಕ) 0.1 ಮಿಲಿಬಾರಿಗಿಂತ ಕೆಳಗೆ ಬಂದ ಮೇಲಷ್ಟೇ ಹೀಟರ್ ಹಾಕಿ. ಎಣ್ಣೆ ಕಾಯಲು ಅರ್ಧ ಗಂಟೆ ಕೊಡಿ. ಚೇಂಬರಿನಲ್ಲಿ ಒತ್ತಡ ಏರಿದ್ದರೆ ಮೊದಲು ರಫಿಂಗ್ ಮಾಡಿ, ಎಂದರೆ ರೋಟರಿಯಿಂದಲೇ ಚೇಂಬರಿನ ಗಾಳಿ ತೆಗೆಯಿರಿ (ಆ ಹೊತ್ತಿಗೆ ಬ್ಯಾಕಿಂಗ್ ವಾಲ್ವು ಮುಚ್ಚಿರಲಿ), ಮತ್ತೆ ಬ್ಯಾಕಿಂಗಿಗೆ ತಿರುಗಿಸಿ, ಕೊನೆಯಲ್ಲಿ ಹೈವ್ಯಾಕ್ ವಾಲ್ವನ್ನು ನಿಧಾನವಾಗಿ ತೆರೆಯಿರಿ.

ಸಂಜೆ ಐದಕ್ಕೆ ಕರೆಂಟು ಬಂದರೆ ಚೇಂಬರು ಮತ್ತೆ ಕೆಲಸಕ್ಕೆ ಸಿದ್ಧವಾಗುವಾಗ ರಾತ್ರಿ ಎಂಟು ದಾಟುತ್ತದೆ. ಆ ದಿನ ಪ್ರಯೋಗ ಇಟ್ಟುಕೊಳ್ಳಬೇಡಿ. ರಾತ್ರಿಯಿಡೀ ಪಂಪು ಓಡಲು ಬಿಟ್ಟು, ಲಾಗ್ ಪುಸ್ತಕದಲ್ಲಿ ಒತ್ತಡ ಬರೆದು, ನೇತುಹಾಕಿದ ರಟ್ಟನ್ನು ಬಿಚ್ಚಿ ಮುಂದಿನ ಸಲಕ್ಕೆಂದು ಡ್ರಾಯರಿನಲ್ಲಿ ಇಟ್ಟು ಮನೆಗೆ ಹೊರಡಿ.