ಮಂಗಳವಾರದ ಜೋಡಿಗಳು: ಆರೈಕೆ ಮಾಡುವವರ ಗುಂಪು ಕಟ್ಟಿದ ನನ್ನ ಅನುಭವ

ಮಾನಸಿಕ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರೇ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು ತಾಲ್ಲೂಕು ಮಟ್ಟದ ಊರಿನಲ್ಲಿ ನಡೆಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನಲ್ಲಾದರೆ ಯಾರ ಗುರುತೂ ಯಾರಿಗೂ ಇರುವುದಿಲ್ಲ, ಇಲ್ಲಿ ಆಡಿದ ಮಾತು ಸಂಜೆಯೊಳಗೆ ನೆಂಟರ ಮನೆ ತಲುಪುತ್ತದೆ ಎಂಬುದು ಒಂದು ವಾದವಾದರೆ, ಕಷ್ಟದಲ್ಲಿರುವ ಇಬ್ಬರು ಕೂತರೆ ಕಷ್ಟ ಇಮ್ಮಡಿಯಾಗುತ್ತದೆ ಎಂಬುದು ಇನ್ನೊಂದು. ತರಬೇತಿ ಇಲ್ಲದವರು ಬಾಯಿಗೆ ಬಂದ ಸಲಹೆ ಕೊಟ್ಟು ರೋಗಿಗಳ ಮಾತ್ರೆ ಬಿಡಿಸಿಬಿಡುತ್ತಾರೆ ಎಂದು ಒಬ್ಬ ಮನೋವೈದ್ಯರು ನೇರವಾಗಿಯೇ ಹೇಳಿದ್ದರು. ಶಿವಮೊಗ್ಗ ಜಿಲ್ಲೆಯ ನಮ್ಮ ತಾಲ್ಲೂಕಿನಲ್ಲಿ ಆ ಗುಂಪು ಈಗ ಆರೇಳು ವರ್ಷಗಳಿಂದ ನಿಂತಿಲ್ಲ. ಕೋವಿಡ್ ಕಾಲದಲ್ಲಿ ಬರೀ ಫೋನಿನ ಮೇಲೆ ಬದುಕಿತು. ಈಗ ಮೂವತ್ತರ ಆಸುಪಾಸಿನಷ್ಟು ಮನೆಗಳವರು ಅದರಲ್ಲಿದ್ದಾರೆ. ಆಗ ಅನುಮಾನಪಟ್ಟ ಆ ವೈದ್ಯರೇ ಈಗ ಹೊಸ ಕುಟುಂಬಗಳನ್ನು ನಮ್ಮ ಬಳಿ ಕಳಿಸುತ್ತಾರೆ. ಇಂಥ ಗುಂಪು ನಡೆಸುತ್ತಿರುವ, ಇಲ್ಲವೇ ನಡೆಸಲು ಹೋಗಿ ಕೈಬಿಟ್ಟಿರುವ ಬೇರೆ ತಾಲ್ಲೂಕಿನ ಸ್ನೇಹಿತರು ಮತ್ತೆ ಮತ್ತೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಗಳ ವಿವರಣೆಯನ್ನಾಗಲಿ, ಗುಂಪು ನಡೆಸುವವರ ಕೈಪಿಡಿಗಳಲ್ಲಿರುವುದನ್ನಾಗಲಿ ಇಲ್ಲಿ ಹೇಳುವುದಿಲ್ಲ, ಅವೆಲ್ಲ ನಿಮಗೆ ಗೊತ್ತಿರುವವೇ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಗನಿಗೆ ಸ್ಕಿಜೋಫ್ರೇನಿಯಾ ಎಂದು ಗೊತ್ತಾಗಿ ಹದಿನೈದು ವರ್ಷವಾಗುತ್ತ ಬಂತು. ನಿವೃತ್ತಿಯ ಹಣ ಕೈಗೆ ಬಂದ ಉತ್ಸಾಹದಲ್ಲಿ ಮೊದಲು ಹಿಡಿದದ್ದು ಸಭೆಯ ದಾರಿ. ಭಾನುವಾರ, ಬಸ್ ನಿಲ್ದಾಣದ ಹತ್ತಿರದ ಒಂದು ಸಭಾಭವನ, ಬಾಗಿಲಿಗೆ ಬ್ಯಾನರ್, ಮೈಕು, ಹೊರಗಿನಿಂದ ಕರೆಸಿದ ಭಾಷಣಕಾರರು, ಕೊನೆಗೆ ಉಪ್ಪಿಟ್ಟು ಕಾಫಿ. ಒಂದು ಸಲಕ್ಕೆ ಸುಮಾರು ಮೂರೂವರೆ ಸಾವಿರ ರೂಪಾಯಿ ಹಿಡಿಯುತ್ತಿತ್ತು. ಬಂದವರಲ್ಲಿ ಅರ್ಧದಷ್ಟು ಜನ ನಮ್ಮ ಶಾಲೆಯ ಹಳೆಯ ಸಹೋದ್ಯೋಗಿಗಳೇ. ಬರಬೇಕಾದವರು ಯಾಕೆ ಬರಲಿಲ್ಲ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದಾಗ ತಿಳಿದದ್ದು ಇಷ್ಟು. ಭಾನುವಾರ ಮನೆಯವರೆಲ್ಲ ಮನೆಯಲ್ಲೇ ಇರುತ್ತಾರೆ, ಎಲ್ಲಿಗೆ ಹೋಗುತ್ತೀ ಎಂದರೆ ಹೇಳುವುದಕ್ಕೆ ನೆಪವಿರುವುದಿಲ್ಲ. ಬ್ಯಾನರಿನ ಕೆಳಗೆ ಹಾದು ಒಳಗೆ ಹೋಗುವುದೆಂದರೆ ಊರಿಗೆ ಹೇಳಿಕೊಂಡಂತೆ. ಸಭಾಭವನ ಒಂದು ಸಮುದಾಯಕ್ಕೆ ಸೇರಿದ್ದರಿಂದ ಉಳಿದ ಸಮುದಾಯದವರು ಅದರ ಮೆಟ್ಟಿಲು ಹತ್ತುವುದಕ್ಕೇ ಹಿಂಜರಿದಿದ್ದರು. ಒಂದು ವರ್ಷಕ್ಕೆ ಕೈಯಿಂದ ಹೋದದ್ದು ಮೂವತ್ತೈದು ನಲವತ್ತು ಸಾವಿರ ಇರಬೇಕು.

ಎರಡನೆಯದು ವಾಟ್ಸಾಪ್. ಎರಡು ತಿಂಗಳಿಗೆ ಅರವತ್ತಕ್ಕೂ ಹೆಚ್ಚು ಜನ ಸೇರಿದರು, ಮೂರನೆಯ ತಿಂಗಳಿಗೆ ಶುಭೋದಯದ ಚಿತ್ರಗಳ ನಡುವೆ ಗುಳಿಗೆಯ ಸ್ಟ್ರಿಪ್ಪುಗಳ ಫೋಟೋ ಬರತೊಡಗಿದವು. ನಿಮ್ಮವರಿಗೆ ಎಷ್ಟು ಮಿಲಿಗ್ರಾಂ, ನಮ್ಮವರಿಗೆ ಯಾಕೆ ಜಾಸ್ತಿ ಎಂಬ ಹೋಲಿಕೆ ಶುರುವಾಯಿತು. ಬೇರೆ ಯಾರಿಗೋ ಕಡಿಮೆ ಇದೆಯೆಂದು ಒಬ್ಬರು ತಮ್ಮ ಮನೆಯ ಹುಡುಗನ ಲಿಥಿಯಂ ಅನ್ನು ಅರ್ಧಕ್ಕಿಳಿಸಿದರು. ಮನಸ್ಸಿನ ಅತಿಯಾದ ಏರಿಳಿತ ತಡೆಯಲು ಕೊಡುವ, ರಕ್ತದಲ್ಲಿನ ಪ್ರಮಾಣ ನೋಡಿ ನಿಗದಿಪಡಿಸುವ ಔಷಧಿಯದು. ಆ ಹುಡುಗ ಕೆಲವೇ ವಾರಗಳಲ್ಲಿ ನಿದ್ದೆ ಬಿಟ್ಟು, ಸಾಲ ಮಾಡಿ ಬೈಕು ಕೊಂಡು, ಕೊನೆಗೆ ದಾಖಲಾಗಬೇಕಾಯಿತು. ಮನೋವೈದ್ಯರು ಹೆದರಿದ್ದು ಇದಕ್ಕೇ. ಅಂದೇ ಆ ಗುಂಪನ್ನು ಅಳಿಸಿದೆ, ಈವರೆಗೂ ಇನ್ನೊಂದನ್ನು ತೆರೆದಿಲ್ಲ.

ಮೂರನೆಯದು, ನೀವೆಲ್ಲ ಮಾಡುವ ದುಂಡನೆಯ ಸಭೆ. ಎಲ್ಲರೂ ಸುತ್ತ ಕೂತು ಸರದಿಯ ಮೇಲೆ ಮಾತಾಡುವುದು. ಇದರಲ್ಲಿ ಮಾತುಗಾರರಿಬ್ಬರು ಒಂದೂವರೆ ಗಂಟೆಯನ್ನು ನುಂಗುತ್ತಿದ್ದರು. ನಿಜವಾಗಿ ಕುಸಿದು ಬಂದವರು ತಮ್ಮ ಸರದಿ ಬರುವ ಹೊತ್ತಿಗೆ ಕೊನೆಯ ಬಸ್ಸಿನ ಸಮಯ ನೋಡುತ್ತಿದ್ದರು. ಬೇರೆಯವರ ಮನೆಯ ಭೀಕರ ಸಂಗತಿಗಳನ್ನು ಕೇಳಿ ಭಾರ ಹೆಚ್ಚಿಸಿಕೊಂಡು ಹೋಗುತ್ತಿದ್ದವರೂ ಇದ್ದರು. ಕಷ್ಟ ಇಮ್ಮಡಿಯಾಗುತ್ತದೆ ಎಂದವರ ಮಾತು ಈ ಬಗೆಯ ಸಭೆಗಾದರೆ ನಿಜ.

ಇಷ್ಟರಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಮದ್ಯ ಬಿಟ್ಟವರ ಗುಂಪುಗಳು. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಇಬ್ಬರಿಂದ: ಷೇರು ವ್ಯವಹಾರದ ಒಬ್ಬರು, ಶಸ್ತ್ರವೈದ್ಯರೊಬ್ಬರು. ಅವರಿಬ್ಬರೂ ಒಬ್ಬರಿಗೊಬ್ಬರು ಉಪದೇಶ ಮಾಡಲಿಲ್ಲ, ತಮ್ಮ ತಮ್ಮ ಕುಡಿತದ ಕಥೆ ಹೇಳಿಕೊಂಡರು. ನಮ್ಮ ಕಡೆಯೂ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುವುದನ್ನು ನೀವು ನೋಡಿರುತ್ತೀರಿ. ಬಿಟ್ಟು ಒಂದು ವರ್ಷವಾದವನು ಬಿಡಲು ಹೊರಟವನ ಪಕ್ಕದಲ್ಲಿ ಕೂರುವುದರಲ್ಲೇ ಅವುಗಳ ಶಕ್ತಿ ಇದೆ. ಹಾಗಾದರೆ ಆರೈಕೆ ಮಾಡುವವರಿಗೂ ಗುಂಪು ಬೇಕಿಲ್ಲ, ಜೋಡಿ ಸಾಕು ಎಂದು ನನಗೆ ಹೊಳೆಯಿತು.

ದಿನವನ್ನು ಹುಡುಕುವ ಕಷ್ಟವೇ ಬರಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಗುಳಿಗೆ ತರುವುದಕ್ಕೆಂದು ಮನೆಯವರು ಹೇಗೂ ಪೇಟೆಗೆ ಬರುತ್ತಾರೆ, ಚೀಟಿ ಮಾಡಿಸಿ ಕಾಯುತ್ತ ಕೂರುತ್ತಾರೆ. ಯಾರಿಗೂ ಸುಳ್ಳು ಹೇಳಬೇಕಿಲ್ಲ. ಆಸ್ಪತ್ರೆಯ ಎದುರಿನ ಹೋಟೆಲಿನ ಹಿಂದಿನ ಕೋಣೆಯನ್ನು ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಎರಡು ಗಂಟೆ ಬಿಟ್ಟುಕೊಡಲು ಮಾಲೀಕರು ಒಪ್ಪಿದರು. ಬಾಡಿಗೆ ಇಲ್ಲ, ಕುಡಿದ ಚಹಾದ ಹಣ ಕೊಟ್ಟರೆ ಸಾಕು. ಬೋರ್ಡು ಇಲ್ಲ, ಹೆಸರೂ ಇಲ್ಲ. ಕೇಳಿದವರಿಗೆ "ಟೀಚರ್ ಹತ್ರ ಹೋಗ್ಬರ್ತೀನಿ" ಎಂದರೆ ಆಯಿತು.

ಜೋಡಿ ಮಾಡುವ ಕ್ರಮ ಹೀಗಿದೆ. ಒಂದು ದೊಡ್ಡ ನಿರ್ಧಾರದ ಎದುರು ನಿಂತವರನ್ನು, ಅದೇ ನಿರ್ಧಾರವನ್ನು ಒಂದೆರಡು ವರ್ಷದ ಹಿಂದೆ ತೆಗೆದುಕೊಂಡವರ ಜೊತೆಗೆ ಕೂರಿಸುತ್ತೇನೆ. ಕಾಯಿಲೆ ಒಂದೇ ಆಗಿರಬೇಕು ಎಂದೇನೂ ಇಲ್ಲ, ನಿರ್ಧಾರ ಒಂದೇ ಆಗಿರಬೇಕು. ತೋಟ ಮಾರುವುದೋ ಅಡವಿಡುವುದೋ, ಕೆಲಸ ಬಿಡುವುದೋ, ದಾಖಲು ಮಾಡಿಸುವುದೋ, ಮಗಳಿಗೆ ಮದುವೆ ಮಾಡುವುದೋ, ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ ಊರಿಗೆ ಗೊತ್ತಾಗಲು ಬಿಡುವುದೋ. ಈ ಕೊನೆಯದು ಹೊರಗಿನವರಿಗೆ ಸಣ್ಣದೆನಿಸಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೂ ಜಾಗವಿದೆ, ಅಂಗವಿಕಲತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯಗಳಿಗೆ ಅರ್ಹತೆ ಇದೆ ಎಂದು ಗೊತ್ತಿದ್ದೂ, ಆ ಕಾರ್ಡಿನ ಮೇಲೆ ಮಗನ ಫೋಟೋ ನೋಡಲಾರದೆ ವರ್ಷಗಟ್ಟಲೆ ಮುಂದೂಡುವ ತಾಯಂದಿರು ಎಷ್ಟೋ ಜನ.

ಮಾತಿಗೆ ನಿಯಮ ಒಂದೇ: "ನಾನು ಹೀಗೆ ಮಾಡಿದೆ" ಎನ್ನಬಹುದು, "ನೀವು ಹೀಗೆ ಮಾಡಿ" ಎನ್ನುವಂತಿಲ್ಲ. ಏನು ಮಾಡಿದೆ, ಅದಕ್ಕೆ ಎಷ್ಟು ಖರ್ಚಾಯಿತು, ಆಮೇಲೆ ಏನಾಯಿತು, ಈ ಮೂರನ್ನು ಹೇಳಿ ಸುಮ್ಮನಾಗಬೇಕು. ಗುಳಿಗೆಯ ಹೆಸರು, ಪ್ರಮಾಣ ಬಾಯಿಗೆ ಬಂದರೆ ಆ ದಿನದ ಮಾತು ಅಲ್ಲಿಗೆ ಮುಗಿಯಿತು, ಎದ್ದು ವೈದ್ಯರ ಬಳಿಗೆ ಹೋಗಬೇಕು. ಮಂಗಳವಾರಗಳ ನಡುವೆ ವಾರಕ್ಕೆರಡು ಸಲ, ಮೊದಲೇ ಗೊತ್ತುಮಾಡಿಕೊಂಡ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಫೋನು. ಗೊತ್ತುಮಾಡಿದ ಹೊತ್ತು ಎಂಬುದೇ ಮುಖ್ಯ. "ಬೇಕಾದಾಗ ಮಾಡಿ" ಎಂದರೆ ನಮ್ಮ ಜನ ಸಂಕೋಚದಿಂದ ಮಾಡುವುದೇ ಇಲ್ಲ. ಅಪರಾತ್ರಿಯ ತುರ್ತಿಗೆ ಜೋಡಿಯನ್ನು ಎಬ್ಬಿಸುವಂತಿಲ್ಲ, ಅದಕ್ಕೆ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಎಲ್ಲರ ಫೋನಿನಲ್ಲೂ ನಾನೇ ಸೇರಿಸಿಕೊಡುತ್ತೇನೆ. ಸುಮಾರು ಮೂರು ತಿಂಗಳಾದ ಮೇಲೆ ಜೋಡಿ ಬಿಡಿಸುತ್ತೇನೆ, ಕೇಳಿಸಿಕೊಂಡವರು ಮುಂದಿನ ಸಲ ಹೇಳುವವರಾಗುತ್ತಾರೆ. ಯಾರಿಗೆ ಯಾರು ಹೊಂದುತ್ತಾರೆ ಎಂದು ತಿಳಿಯಲು ಹೊಸಬರನ್ನು ನಾನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಅದು ಫಾರಂ ತುಂಬಿಸುವ ಪ್ರಶ್ನೆಯಾಗಿಬಿಡುತ್ತದೆ. ಅವರನ್ನು ಕೂರಿಸುವ ರೀತಿಯಲ್ಲೂ ಒಂದು ವಿಷಯವಿದೆ, ಬಂದು ನೋಡಿದವರಿಗೆ ತಾನಾಗಿ ಗೊತ್ತಾಗುತ್ತದೆ.

ಮದುವೆಯ ವಿಷಯದ ಒಂದು ಜೋಡಿಯನ್ನು, ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತೇನೆ. "ಮದುವೆ ಮಾಡಿದರೆ ಸರಿಹೋಗ್ತಾನೆ" ಎಂಬ ಮಾತು ಎಲ್ಲರ ಮನೆಯಲ್ಲೂ ಇರುತ್ತದೆ. ದೂರದ ಊರಿನಿಂದ ಸಂಬಂಧ ಬಂದಿತ್ತು, ಹುಡುಗನ ಕಾಯಿಲೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ತಾಯಿಗೆ ಗಂಡನ ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರು. ಮಗಳ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದ್ದ ಇನ್ನೊಬ್ಬ ತಾಯಿಯ ಎದುರು ಆಕೆಯನ್ನು ಕೂರಿಸಿದೆ. ಹಿರಿಯಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, "ನೋಡು ತಂಗಿ, ಅಲ್ಲಿ ಗುಳಿಗೆ ನುಂಗೋದು ಕಂಡ್ರೆ ಕೇಳ್ತಾರೆ ಅಂತ ನಾನೇ ಗುಳಿಗೆ ತೆಗೆದಿಟ್ಟುಕೊಂಡು ಕಳಿಸಿದ್ದೆ. ಹದಿನೈದು ದಿನಕ್ಕೆ ಕರ್ಕೊಂಡು ಬಂದು ಬಿಟ್ಟು ಹೋದ್ರು. ಆಮೇಲೆ ಕೋರ್ಟು" ಎಂದರು. ವಕೀಲರಿಗೆ ಎಷ್ಟು ಕೊಟ್ಟೆ, ಒಡವೆ ಎಷ್ಟು ಹೋಯಿತು ಎಂಬುದನ್ನೂ ಹೇಳಿದರು, ಹೇಳಿ ಚಹಾ ಕುಡಿದರು. ಕಿರಿಯಾಕೆ ಒಂದು ಮಾತೂ ಆಡಲಿಲ್ಲ. ಎರಡು ಮೂರು ವಾರಗಳ ಬಳಿಕ ಆಕೆಯೇ ಹೆಣ್ಣಿನ ತಾಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಸಂಬಂಧ ಮುರಿಯಿತು, ಮನೆಯಲ್ಲಿ ತಿಂಗಳುಗಟ್ಟಲೆ ಮುನಿಸು ನಡೆಯಿತು. ಆದರೆ ಆಕೆಗೆ ರಾತ್ರಿ ನಿದ್ದೆ ಬರತೊಡಗಿತು. ಇನ್ನೊಂದು ಮನೆಯಲ್ಲಿ ಎಲ್ಲವನ್ನೂ ಹೇಳಿಯೇ ಮದುವೆ ನಡೆದು, ಸೊಸೆಯೇ ಈಗ ಮಂಗಳವಾರ ಗುಳಿಗೆಗೆ ಬರುತ್ತಾಳೆ. ಯಾವ ಕಡೆ ವಾಲಬೇಕು ಎಂಬುದನ್ನು ಜೋಡಿ ಹೇಳುವುದಿಲ್ಲ. ನಿರ್ಧಾರ ತೆಗೆದುಕೊಳ್ಳುವಾಗ ಪಕ್ಕದಲ್ಲಿ ಒಬ್ಬರಿರುತ್ತಾರೆ, ಅಷ್ಟೇ.

ಒಂಟಿತನಕ್ಕೆ ಮಾತು ಸಾಲದು ಎಂಬುದು ನಿಧಾನವಾಗಿ ತಿಳಿಯಿತು. ನಮ್ಮ ಮನೆಗಳಿಗೆ ನೆಂಟರು ಬರುವುದು ನಿಂತಿರುತ್ತದೆ, ರೋಗಿಯನ್ನು ಬಿಟ್ಟು ನಾವು ಹೋಗುವುದೂ ನಿಂತಿರುತ್ತದೆ. ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಹೋಗುವ ಪದ್ಧತಿ ಇದೆಯಲ್ಲ, ಅದನ್ನೇ ಇಲ್ಲಿಗೆ ತಂದೆವು. ಒಂದು ಜೋಡಿಯವರು ಇನ್ನೊಬ್ಬರ ಮನೆಯಲ್ಲಿ ಅರ್ಧ ದಿನ ಕೂರುವುದು, ಅವರು ಗೃಹಪ್ರವೇಶಕ್ಕೋ ಬ್ಯಾಂಕಿಗೋ ಹೋಗಿ ಬರುವುದು, ಮುಂದೊಂದು ದಿನ ಮುಯ್ಯಿ ತೀರಿಸುವುದು. ಯಾರಿಂದ ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕವನ್ನು ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಇಡುತ್ತೇನೆ. ಉಪಕಾರವೆಂದರೆ ಬೇಡ ಎನ್ನುವವರು ಮುಯ್ಯಿ ಎಂದರೆ ಒಪ್ಪುತ್ತಾರೆ. ಕಾಯಿಲೆಯವರಿಗೂ ಹೊಸ ಮುಖ ನೋಡಿ ಗೆಲುವಾಗುವುದುಂಟು. ನನ್ನ ಮಗ ಒಬ್ಬ ಹಿರಿಯರು ಬಂದ ದಿನ ಮಾತ್ರ ತಾನಾಗಿ ಕ್ಷೌರಕ್ಕೆ ಹೋಗುತ್ತಾನೆ.

ಗಂಡಸರನ್ನು ಮಾತಾಡಿಸಲು ಮಾಡಿದ ಪ್ರಯೋಗಗಳದು ಬೇರೆಯೇ ಕಥೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ಬೆಂಚಿನ ಪದ್ಧತಿಯನ್ನು ನೀವು ಕೇಳಿರಬೇಕು. ಆರೋಗ್ಯ ಕೇಂದ್ರದ ಹೊರಗೆ ಮರದ ಬೆಂಚು ಹಾಕಿ, ತರಬೇತಿ ಪಡೆದ ಅಜ್ಜಿಯಂದಿರು ಬಂದವರ ಮಾತು ಕೇಳುತ್ತಾರೆ. ನಾವೂ ಆಸ್ಪತ್ರೆಯ ಸಮೀಪ ಮರದಡಿ ಬೆಂಚು ಹಾಕಿಸಿದೆವು, ಎರಡು ಸಾವಿರದ ಚಿಲ್ಲರೆ ಆಯಿತು. ರಸ್ತೆಗೆ ಕಾಣುವ ಬೆಂಚಿನ ಮೇಲೆ ನಮ್ಮೂರಿನ ಯಾವ ಗಂಡಸೂ ಹೆಂಗಸಿನ ಎದುರು ಕೂತು ಕಣ್ಣೀರು ಹಾಕುವುದಿಲ್ಲ. ಆ ಬೆಂಚು ಈಗ ಆಟೋದವರ ವಿಶ್ರಾಂತಿಗಾಗಿದೆ. ಕೊನೆಗೆ ಕೈ ಹಿಡಿದದ್ದು ಅಡಿಕೆ. ಕೊಯ್ಲಿನ ಕಾಲದಲ್ಲಿ ಒಬ್ಬರ ಮನೆಯ ಜಗಲಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ನಾಲ್ಕೈದು ತಂದೆಯರನ್ನು ಸೇರಿಸಿದೆವು. ಮೆಟ್ಟುಗತ್ತಿಯ ಮೇಲೆ ಕಣ್ಣಿಡಲೇಬೇಕು, ಎದುರಿನವರ ಮುಖ ನೋಡಬೇಕಿಲ್ಲ, ಮಾತು ನಿಂತರೂ ಕೈ ನಡೆಯುತ್ತಿರುತ್ತದೆ. ವರ್ಷಗಟ್ಟಲೆ ಬಾಯಿಬಿಡದ ಒಬ್ಬರು ತಲೆಯೆತ್ತದೆಯೇ, ತಾನು ಸತ್ತ ಮೇಲೆ ಮಗನ ಗತಿಯೇನು ಎಂದು ರಾತ್ರಿಯಿಡೀ ಎಣಿಸುವುದನ್ನು ಹೇಳಿದರು. ಪಕ್ಕದವರು ತಮ್ಮ ಆಸ್ತಿಯ ಪತ್ರವನ್ನು ಹೇಗೆ ಬರೆಸಿದ್ದೇನೆ ಎಂದು ಹೇಳಿದರು. ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ ನಡೆಯುವ ಉಪಾಯವಿದು, ಉಳಿದ ಕಾಲಕ್ಕೆ ಇನ್ನೂ ಹುಡುಕುತ್ತಿದ್ದೇನೆ.

ಇನ್ನು ಹಣದ ಮಾತು. ಒಮ್ಮೆ ಒಬ್ಬ ದಾನಿಗಳು ಇಪ್ಪತ್ತೈದು ಸಾವಿರ ಕೊಡಲು ಬಂದರು, ಚೆಕ್ ಕೊಡುವಾಗ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದರು. ಬೇಡವೆಂದೆವು. ಆಲ್ಕೋಹಾಲಿಕ್ಸ್ ಅನಾನಿಮಸ್‌ನವರು ಹೊರಗಿನ ದೇಣಿಗೆ ಮುಟ್ಟುವುದಿಲ್ಲ, ಆ ಶಿಸ್ತನ್ನೇ ನಾವೂ ಹಿಡಿದೆವು. ಕೋಣೆಯ ಮೂಲೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ ಇದೆ. ಬಿಟ್ಟವರು ಬಿಡುತ್ತಾರೆ, ಯಾರು ಎಷ್ಟು ಹಾಕಿದರೆಂದು ನೋಡುವುದಿಲ್ಲ. ತಿಂಗಳಿಗೆ ಚಹಾಕ್ಕೆ ಆರೇಳುನೂರು, ಒಂದಿಬ್ಬರ ಫೋನು ರೀಚಾರ್ಜು, ಉಳಿದದ್ದು ಬಸ್ ಚಾರ್ಜಿಗೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ದಾರಿಯ ತಾಯಂದಿರು ತಪ್ಪದೆ ಬರತೊಡಗಿದರು. ಖಾಸಗಿ ಬಸ್ಸು ಮಾತ್ರ ಓಡುವ ಒಳಗಿನ ಊರುಗಳವರಿಗೆ ಅದರಿಂದ ಪ್ರಯೋಜನವಿಲ್ಲ, ಹೋಗಿಬರಲು ಎಂಬತ್ತು ನೂರು ರೂಪಾಯಿ ಬೇಕು. ಡಬ್ಬಿಯ ಹಣ ಮೊದಲು ಅವರಿಗೆ. ಸಭಾಭವನದ ಒಂದು ಭಾನುವಾರಕ್ಕೆ ಸುರಿಯುತ್ತಿದ್ದ ಹಣದಲ್ಲಿ ಈಗ ಮೂರು ತಿಂಗಳು ನಡೆಯುತ್ತದೆ.

ಎಲ್ಲ ಜೋಡಿಗಳೂ ಕೂಡಿಬರಲಿಲ್ಲ. ನಾಲ್ಕರಲ್ಲಿ ಒಂದು ಮೊದಲ ತಿಂಗಳಲ್ಲೇ ಬಿಟ್ಟುಹೋಗುತ್ತದೆ, ಬಹಳ ಸಲ ಒಬ್ಬರು ಇನ್ನೊಬ್ಬರ ಸಂಬಂಧಿಕರ ಸಂಬಂಧಿಕರಾಗಿರುತ್ತಾರೆ. ಅದಕ್ಕೇ ಈಗ ಒಂದೇ ಬಸ್ಸಿನ ದಾರಿಯವರನ್ನು ಜೋಡಿ ಮಾಡುವುದಿಲ್ಲ. ತಾಲ್ಲೂಕಿನ ಪೂರ್ವದ ಅಂಚಿನವರಿಗೆ ಪಶ್ಚಿಮದ ಅಂಚಿನವರು ಎಂದಾದ ಮೇಲೆ ಗುಟ್ಟು ಹೊರಬಿದ್ದ ದೂರು ಒಂದೂ ಬಂದಿಲ್ಲ. ಪಕ್ಕದ ತಾಲ್ಲೂಕಿನ ಇಬ್ಬರು ಹೋದ ಮಳೆಗಾಲದಿಂದ ನಮ್ಮಲ್ಲಿಗೆ ಬಂದು ಕಲಿತು, ತಮ್ಮ ಊರಿನ ಆಸ್ಪತ್ರೆಯ ಎದುರು ಇದೇ ಕ್ರಮವನ್ನು ಆರಂಭಿಸಿದ್ದಾರೆ. ನೋಡಬೇಕೆನ್ನುವ ಉಳಿದವರೂ ಮಂಗಳವಾರ ಹತ್ತೂವರೆಯ ಮೇಲೆ ಬರಬಹುದು. ಆದರೆ ಪ್ರೇಕ್ಷಕರಾಗಿ ಕೂರಲು ಬಿಡುವುದಿಲ್ಲ, ನಿಮ್ಮ ಮನೆಯ ವಿಷಯವನ್ನೂ ಒಬ್ಬರ ಎದುರು ಹೇಳಬೇಕಾಗುತ್ತದೆ.