ಎಷ್ಟನೇ ಪುಟಕ್ಕೆ ಬಿಟ್ಟೆ?

ಧಾರವಾಡ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಐದರಿಂದ ಏಳನೇ ತರಗತಿಯವರಿಗೆ ನಾನು ಕನ್ನಡ ಕಲಿಸುತ್ತೇನೆ. ಕಿಟಕಿಯ ಪಕ್ಕದ ಒಂದು ಕಪಾಟೇ ನಮ್ಮ ಗ್ರಂಥಾಲಯ. ಪ್ರತಿ ವರ್ಷ, ಆ ವರ್ಷವೇ ಹೊರಬಂದ ಹತ್ತು-ಹನ್ನೆರಡು ಒಳ್ಳೆಯ ಪುಸ್ತಕಗಳನ್ನು ಅದಕ್ಕೆ ಸೇರಿಸಬೇಕು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ. ಹಳೆಯ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ, ಮಕ್ಕಳು ಓದುತ್ತಾರೆ ಕೂಡ. ಆದರೆ ಅಪ್ಪ-ಅವ್ವ ದುಡಿಯಲು ಗೋವಾಕ್ಕೆ ಹೋಗಿ ತಾನು ಅಜ್ಜಿಯ ಹತ್ತಿರ ಉಳಿದಿರುವ ಹುಡುಗನಿಗೆ, ತನ್ನಂಥವನೊಬ್ಬ ಪುಸ್ತಕದೊಳಗೆ ಸಿಕ್ಕಾಗ ಮುಖ ಹೇಗಾಗುತ್ತದೆ ಎಂದು ನಾನು ನೋಡಿದ್ದೇನೆ. ಅದಕ್ಕಾಗಿ ಹೊಸದು ಬೇಕು.

ಮೊದಲ ಸಲ ಎಡವಿದ್ದು 2023ರ ಜನವರಿಯಲ್ಲಿ. ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ. ಸಹೋದ್ಯೋಗಿಗಳೆಲ್ಲ ಕೂಡಿಸಿ ಕೊಟ್ಟ ದುಡ್ಡು ಚೀಲದಲ್ಲಿತ್ತು. ಪುಸ್ತಕ ಮಳಿಗೆಗಳ ಮುಂದೆ ಕಾಲಿಡಲು ಜಾಗವಿಲ್ಲ. ಹೊಳೆಯುವ ಮುಖಪುಟ, ಒಳ್ಳೆಯ ರಿಯಾಯಿತಿ. ಅವಸರದಲ್ಲಿ ಕಟ್ಟಿಸಿಕೊಂಡು ಬಂದೆ. ಮನೆಗೆ ಬಂದು ಒಂದೊಂದಾಗಿ ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳು ಮರುಮುದ್ರಣ. ಬಣ್ಣ ಹೊಸದು, ಕಥೆ ನಾನು ಚಿಕ್ಕವಳಿದ್ದಾಗ ಓದಿದ್ದು. ದುಡ್ಡು ಕೊಟ್ಟವರ ಮುಂದೆ ನಿಲ್ಲಲು ನನಗೆ ಬಹಳ ಸಂಕಟವಾಯಿತು.

ಅಂದಿನಿಂದ ಪುಸ್ತಕ ಕೈಗೆತ್ತಿಕೊಂಡರೆ ಒಳಗಿನ ಶೀರ್ಷಿಕೆ ಪುಟ ತಿರುವಿ ಅದರ ಬೆನ್ನಿಗಿರುವ ಪುಟವನ್ನು ಮೊದಲು ಓದುತ್ತೇನೆ. ಅಲ್ಲಿ ಎಲ್ಲ ಇರುತ್ತದೆ: ಪ್ರಥಮ ಮುದ್ರಣ ಯಾವ ವರ್ಷ, ಇದು ಎಷ್ಟನೆಯ ಮುದ್ರಣ, ಪುಟ ಎಷ್ಟು, ಅಳತೆ 1/8 ಡೆಮಿಯೋ ಅಲ್ಲವೋ, ಕಾಗದದ ತೂಕ 70 ಜಿಎಸ್‌ಎಂ ಇದೆಯೋ ಇಲ್ಲವೋ. ಆಮೇಲೆ ನಡುವಿನ ಒಂದು ಪುಟ ತೆರೆದು ಒತ್ತಕ್ಷರ ನೋಡುತ್ತೇನೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮಗೆ ಅದು ಕಾಣುವುದೇ ಇಲ್ಲ, ಈಗಷ್ಟೇ ಸರಾಗವಾಗಿ ಓದಲು ಕಲಿತ ಐದನೇ ತರಗತಿಯ ಕೂಸು ಮಾತ್ರ ಅಲ್ಲೇ ತಡವರಿಸುತ್ತದೆ. ಕೊನೆಗೆ ಪುಸ್ತಕವನ್ನು ಅಂಗಾತ ಬಿಚ್ಚಿ ಬೆನ್ನು ಒತ್ತುತ್ತೇನೆ. ಬರೀ ಅಂಟು ಹಾಕಿದ್ದಾದರೆ ಐದು ಕೈ ದಾಟುವಷ್ಟರಲ್ಲಿ ಹಾಳೆ ಉದುರುತ್ತವೆ. ಅಂಥದ್ದು ಬೇಕೇಬೇಕು ಅನ್ನಿಸಿದರೆ ತಂದು, ದಬ್ಬಣ ಹಾಕಿ ನಾನೇ ಹೊಲಿಯುತ್ತೇನೆ.

ಹೊಸ ಪುಸ್ತಕ ಬಂದದ್ದು ಗೊತ್ತಾಗುವುದು ಹೇಗೆ? ಎಲ್ಲರೂ ಪ್ರಶಸ್ತಿ ಪಟ್ಟಿ ನೋಡು ಅನ್ನುತ್ತಾರೆ. ನೋಡುತ್ತೇನೆ, ಉಪಯೋಗವೂ ಆಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಸಾಲಾಗಿ ಮೂರು ವರ್ಷ ಮಕ್ಕಳ ಕಾದಂಬರಿಗಳೇ. ನನಗೆ ಇದು ದೊಡ್ಡ ಸುದ್ದಿ. ಚಿಕ್ಕ ಮಕ್ಕಳಿಗೆ ನಮ್ಮಲ್ಲಿ ಪದ್ಯಗಳು ಧಾರಾಳ, ದೊಡ್ಡವರಿಗಂತೂ ಕೇಳುವುದೇ ಬೇಡ. ಒಂಬತ್ತರಿಂದ ಹನ್ನೆರಡರ ನಡುವಿನವರು ನಾಲ್ಕು ದಿನ ಮುಳುಗಿ ಓದುವಂಥ ಉದ್ದದ ಕಥೆಗೇ ಬರ. ಆದರೆ ಆ ಪುರಸ್ಕಾರಕ್ಕೆ ಹಿಂದಿನ ಐದು ವರ್ಷಗಳ ಪುಸ್ತಕಗಳನ್ನು ಪರಿಗಣಿಸುತ್ತಾರೆ. ಪ್ರಶಸ್ತಿ ಬರುವ ಹೊತ್ತಿಗೆ, ಆ ಪುಸ್ತಕ ಬಂದ ವರ್ಷ ಐದನೇ ತರಗತಿಯಲ್ಲಿದ್ದ ಹುಡುಗಿ ಹೈಸ್ಕೂಲು ಸೇರಿರಬಹುದು. ಅಷ್ಟು ಕಾಯಲು ನನ್ನಿಂದ ಆಗುವುದಿಲ್ಲ.

ಹಾಗಾಗಿ ಪತ್ರಿಕೆಯ ಧಾರವಾಡ ಪುಟದಲ್ಲಿ ಬರುವ ‘ಇಂದಿನ ಕಾರ್ಯಕ್ರಮ’ಗಳನ್ನು ಹಿಡಿದೆ. ನಮ್ಮ ಪುಣ್ಯಕ್ಕೆ ಧಾರವಾಡದಲ್ಲಿ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ಅಲ್ಲಿ ಪುಸ್ತಕ ಬಿಡುಗಡೆಗಳು ನಡೆದೇ ಇರುತ್ತವೆ. ಮಕ್ಕಳ ಪುಸ್ತಕದ ಬಿಡುಗಡೆ ಇದ್ದರೆ ಭಾನುವಾರವಾದರೂ ಬಸ್ಸು ಹತ್ತುತ್ತೇನೆ. ಭಾಷಣ ಮುಗಿಯುವ ಮೊದಲೇ ಹಿಂದಿನ ಸಾಲಿನಲ್ಲಿ ಕೂತು ನಡುವಿನ ಒಂದು ಅಧ್ಯಾಯ ಓದಿರುತ್ತೇನೆ. ಮಕ್ಕಳಿಗಾಗಿ ಬರೆಯುವವರಲ್ಲಿ ಎಷ್ಟೋ ಜನ ನಮ್ಮಂತೆಯೇ ಶಾಲೆಯ ಮಾಸ್ತರರು, ಅಕ್ಕೋರು. ಅವರ ಪುಸ್ತಕ ಅಂಗಡಿಗೆ ಬರುವುದೇ ಅಪರೂಪ, ಲೇಖಕರ ಮನೆಯಿಂದಲೇ ತರಿಸಬೇಕು. ಫೋನ್ ಮಾಡಿ ‘ಸರ್, ಈ ವರ್ಷ ನಿಮ್ಮದಲ್ಲದ್ದು ಯಾರದು ಚಲೋ ಬಂದೈತ್ರಿ?’ ಅಂತ ಕೇಳುತ್ತೇನೆ. ಈ ಒಂದು ಪ್ರಶ್ನೆಯಿಂದ ನನಗೆ ಸಿಕ್ಕಷ್ಟು ಪುಸ್ತಕ ಯಾವ ವಿಮರ್ಶೆಯಿಂದಲೂ ಸಿಕ್ಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಅವನ್ನೂ ಬಳಸುತ್ತೇನೆ. ಚಿಕ್ಕವು, ಒಂದು ಪಿರಿಯಡ್‌ನಲ್ಲಿ ಮುಗಿಯುತ್ತವೆ.

ಇಷ್ಟೆಲ್ಲ ಮಾಡಿ ತಂದದ್ದು ಬರೀ ನನ್ನ ಆಯ್ಕೆ. ಮಕ್ಕಳದು ಆಮೇಲೆ ಶುರುವಾಗುತ್ತದೆ.

ಪುಸ್ತಕ ಒಯ್ಯುವ ವಹಿಯಲ್ಲಿ ಹೆಸರು, ಒಯ್ದ ತಾರೀಖು, ತಂದುಕೊಟ್ಟ ತಾರೀಖಿನ ಜೊತೆಗೆ ನಾಲ್ಕನೆಯ ಕಲಂ ಒಂದನ್ನು ಗೆರೆ ಎಳೆದು ಸೇರಿಸಿದೆ: ‘ಎಷ್ಟನೇ ಪುಟಕ್ಕೆ ಬಿಟ್ಟೆ?’ ಪೂರ್ತಿ ಓದದಿದ್ದರೆ ಬೈಯುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಆದರೂ ಮೊದಲೆರಡು ತಿಂಗಳು ಎಲ್ಲರೂ ‘ಪೂರ್ತಿ’ ಅಂತಲೇ ಬರೆದರು. ನಾನು ಅರ್ಧಕ್ಕೆ ಬಿಟ್ಟ ಪುಸ್ತಕದ ಹೆಸರು, ಪುಟದ ಸಂಖ್ಯೆಯನ್ನು ಅದೇ ವಹಿಯಲ್ಲಿ ಬರೆದು ತೋರಿಸಿದ ಮೇಲೆ ಖರೇ ಅಂಕಿಗಳು ಬರತೊಡಗಿದವು.

ಒಂದು ಕಾದಂಬರಿ ನನಗೆ ಬಹಳ ಹಿಡಿಸಿತ್ತು. ಭಾಷೆ ಚೆಂದ, ಹಳ್ಳಿಯ ವಿವರ ಚೆಂದ. ವಹಿಯಲ್ಲಿ ನೋಡಿದರೆ 34, 36, 34. ಮೂವರು ಒಂದೇ ಜಾಗದಲ್ಲಿ ನಿಂತಿದ್ದಾರೆ. ಆರನೇ ತರಗತಿಯ ಹುಡುಗಿಯನ್ನು ಕರೆದು ಕೇಳಿದೆ. ಅವಳು ಪುಟ ತೆಗೆದು ಬೆರಳಿಟ್ಟಳು. ‘ಅಕ್ಕೋರ, ಇಲ್ಲಿ ತನಕಾ ಹುಡುಗೂರು ಬಾವಿ ಹುಡಕಾಕ ಹೊಂಟಿದ್ರು. ಇಲ್ಲಿಂದ ಅಜ್ಜ ಬರೇ ಬುದ್ಧಿ ಹೇಳ್ತಾನ್ರಿ. ಕಥಿ ನಿಂತೈತ್ರಿ.’ ಮತ್ತೆ ಓದಿದೆ. ಆರು ಪುಟ ಉದ್ದಕ್ಕೂ ಅಜ್ಜ ನೀರಿನ ಮಹತ್ವ ಹೇಳಿದ್ದಾನೆ, ಮಕ್ಕಳು ತಲೆದೂಗಿದ್ದಾರೆ. ನನಗೆ ಅದು ಪಾಠಕ್ಕೆ ಅನುಕೂಲವೆಂದು ಇಷ್ಟವಾಗಿತ್ತು. ಅವಳಿಗೆ ಬಾವಿ ಬೇಕಾಗಿತ್ತು. ಆ ವರ್ಷದ ಒಳ್ಳೆಯ ಪುಸ್ತಕಗಳೆಂದು ನಾವು ಮಾಡುವ ಪಟ್ಟಿಯಿಂದ ಅದನ್ನು ತೆಗೆದೆ.

ಇದಕ್ಕೆ ತಿರುಗುಮುರುಗೂ ಆಗಿದೆ. ಗದಗಿನ ಗೆಳತಿಯೊಬ್ಬಳು ಕಳಿಸಿದ ತೆಳ್ಳಗಿನ ಪುಸ್ತಕ, ಚಿತ್ರಗಳು ಮಸುಕು, ಮುಖಪುಟ ಸಪ್ಪೆ. ನಾನು ಕಪಾಟಿನ ತುದಿಯಲ್ಲಿಟ್ಟಿದ್ದೆ. ದೀಪಾವಳಿ ರಜೆ ಮುಗಿಸಿ ಬಂದು ವಹಿ ತೆಗೆದರೆ ಅದರ ಮುಂದೆ ಒಂಬತ್ತು ಹೆಸರು, ಒಂಬತ್ತೂ ‘ಪೂರ್ತಿ’. ಒಬ್ಬ ಎರಡು ಸಲ ಒಯ್ದಿದ್ದ. ಪಟ್ಟಿಯಲ್ಲಿ ಅದಕ್ಕೆ ಮೊದಲ ಜಾಗ.

ಪಟ್ಟಿಯನ್ನು ನಾನು ಡಿಸೆಂಬರ್‌ಗೆ ಮುಗಿಸುವುದಿಲ್ಲ. ರಾಜ್ಯೋತ್ಸವದ ಆಚೀಚೆ ಬಂದ ಪುಸ್ತಕಗಳಿಗೂ ಮಕ್ಕಳ ಕೈಯಲ್ಲಿ ಓಡಾಡಲು ಹೊತ್ತು ಬೇಕು. ಮಾರ್ಚ್ ಪರೀಕ್ಷೆಗೆ ಮುಂಚೆ ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಏಳನೆಯವರು ಕೂತು, ವಹಿ ಎದುರಿಟ್ಟುಕೊಂಡು ಜಗಳಾಡಿ ಹನ್ನೊಂದು ಹೆಸರು ಬರೆಯುತ್ತಾರೆ. ಹನ್ನೆರಡನೆಯ ಸಾಲು ನನ್ನದು. ಅಲ್ಲಿ ಅವರು ಬಿಟ್ಟ, ನಾನು ಬಿಡಲಾರದ ಒಂದು ಪುಸ್ತಕದ ಹೆಸರು ಬರೆಯುತ್ತೇನೆ. ಈ ಸಲ ಆ ಸಾಲಿಗೂ ಹುಡುಗಿಯೊಬ್ಬಳು ತಕರಾರು ತೆಗೆದಿದ್ದಾಳೆ. ಸೋಮವಾರ ಅದನ್ನು ಮತ್ತೊಮ್ಮೆ ಒಯ್ದು ಓದಿ ಹೇಳುತ್ತೇನೆ ಅಂದಿದ್ದಾಳೆ.