ಶಿರಸಿ ಕಡೆ ತೋಟದ ಮನೇಲಿ ಉಳಿಯೋರಿಗೆ

ತೋಟದ ಮನೇಲಿ ಎರಡು ದಿನ ಇರಬೇಕು, ಯಾವಾಗ ಹೋಗೋದು ಅಂತ ಇಲ್ಲಿ ತುಂಬಾ ಜನ ಕೇಳ್ತಾ ಇರ್ತೀರಿ. ನನ್ನ ಕೇಳಿದ್ರೆ ಡಿಸೆಂಬರ್, ಜನವರಿ. ಆಗ ಅಡಿಕೆ ಕೊಯ್ಲು. ಕೊನೆಗೌಡ, ಅಂದ್ರೆ ಮರ ಹತ್ತಿ ಅಡಿಕೆ ಕೊಯ್ಯುವವನು, ಮರದಿಂದ ಮರಕ್ಕೆ ದಾಟಿ ಕೊನೆ (ಅಡಿಕೆ ಗೊನೆ) ಇಳಿಸೋದನ್ನ ನೋಡಬಹುದು, ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿಯಲ್ಲಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಅಡಿಕೆ ಸುಲಿಯುತ್ತಾ ಕೂತಾಗ ಪಕ್ಕದಲ್ಲಿ ಕೂತು ಹರಟೆನೂ ಹೊಡೆಯಬಹುದು. ಆದರೆ ಆ ಕತ್ತಿ ಮಕ್ಕಳ ಕೈಗೆ ಬೇಡ. ಒಣಗಲು ಹರವಿದ ಅಡಿಕೆ ಮೇಲೆ ಓಡಾಡಲೂ ಬೇಡಿ, ಅದು ಆ ಮನೆಯ ವರ್ಷದ ದುಡಿಮೆ.

ಮಳೆಗಾಲ ಚೆಂದ, ನಿಜ. ಉಂಬಳ (ರಕ್ತ ಹೀರುವ ಜಿಗಣೆ) ಜಾಸ್ತಿ ಅಷ್ಟೇ! ಕಚ್ಚಿದರೆ ಎಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬಿಡಿಸಿ. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಯುವ ದಿನ ತೋಟಕ್ಕೆ ಇಳಿಯಬೇಡಿ, ಮೇಲಿಂದ ಹನಿ ಬೀಳುತ್ತಲೇ ಇರುತ್ತದೆ.

ಬುಕ್ ಮಾಡುವಾಗ ಫೋನಲ್ಲೇ ಕೇಳಿಕೊಳ್ಳಿ: ಬಚ್ಚಲು ರೂಮಿಗೆ ಅಂಟಿದೆಯಾ, ಕರೆಂಟ್ ಹೋದರೆ ಏನು ವ್ಯವಸ್ಥೆ, ಕೊನೆಯ ಒಂದೆರಡು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಸಣ್ಣ ಕಾರು ಹೋಗುತ್ತಾ. ನೆಟ್‌ವರ್ಕ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಸಮಯದಲ್ಲಂತೂ ಮನೆ ತುಂಬಾ ಅವರ ನೆಂಟರೇ ಇರ್ತಾರೆ, ಆಗ ಸುಮ್ನೆ ಬೇರೆ ವಾರ ನೋಡಿ.

ಊಟಕ್ಕೆ ಎಷ್ಟು ಜನ ಅಂತ ಹಿಂದಿನ ದಿನವೇ ಹೇಳಿಬಿಡಿ. ಹೋಟೆಲ್ ಮೆನು ಸಿಗಲ್ಲ, ತಂಬುಳಿ (ಮಜ್ಜಿಗೆಯ ತಂಪು ಸಾರು), ಅಪ್ಪೆಹುಳಿ (ಮಾವಿನಕಾಯಿಯ ತೆಳು ಹುಳಿಸಾರು) ಸಿಗುತ್ತೆ. ಅಪ್ಪೆಹುಳಿಯನ್ನ ಅನ್ನಕ್ಕೆ ಕಲಸಿಕೊಂಡ ಮೇಲೂ ಒಂದು ಲೋಟ ಕುಡಿಯಿರಿ. ಆಮೇಲೆ ನಿದ್ದೆ ಬಂದರೆ ನನ್ನನ್ನ ಬೈಬೇಡಿ.